ಗುಲ್ಮಾರ್ಗ್‌ನ ಖಾಲಿ ಗುಡ್ಡ, ಕೊಡಗಿನ ಒಬ್ಬ ಜನರಲ್

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಮೆಟ್ರೋದಲ್ಲಿ ನಿಂತ್ಕೊಂಡು ಓದೋರಿಗೆ ಇದೇ ಅನುಕೂಲ ಅಂತ ಹೋದ ಸಲ ಕೆಲವರು ಹೇಳಿದ್ರು. ಇವತ್ತಿನದು ಇತಿಹಾಸದ ಮಾತೇ, ಆದ್ರೆ ಶುರು ಮಾಡೋದು ನನ್ನದೊಂದು ರಜಾದಿನದಿಂದ.

ನಾನು ತಿಪಟೂರಿನ ಕಡೆಯವನು. ಕೆಲಸಕ್ಕೆ ನೋಯ್ಡಾಕ್ಕೆ ಬಂದು ಎಂಟು ವರ್ಷ ಆಯ್ತು. ಹಿಮ ಅಂದ್ರೆ ನನಗೆ ಮೂವತ್ತು ವರ್ಷದವರೆಗೆ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಕಟ್ಟುತ್ತಿದ್ದ ಬಿಳಿ ಪದರ, ಅಷ್ಟೇ. ದೆಹಲಿಯಿಂದ ಶ್ರೀನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಬೆಂಗಳೂರಲ್ಲಿ ವೈಟ್‌ಫೀಲ್ಡ್‌ನಿಂದ ಕೆಂಗೇರಿಗೆ ಹೋಗೋಷ್ಟು ಹೊತ್ತು ಅಂತ ಲೆಕ್ಕ ಹಾಕಿಕೊಂಡು, ಒಂದು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್‌ನ ಆರಂಭದ ಕೋರ್ಸ್ ಮಾಡ್ಕೊಂಡು ಬಂದೆ. ಹದಿನಾಲ್ಕು ದಿನದಲ್ಲಿ ಹನ್ನೆರಡು ದಿನ ಬಿದ್ದೆ. ಆದ್ರೂ ಚಟ ಹತ್ತಿತು. ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಹೋದೆ, ಜೊತೆಗೆ ಪುಣೆಯಲ್ಲಿರೋ ಒಬ್ಬ ಹುಬ್ಬಳ್ಳಿ ಗೆಳೆಯ.

ಎರಡು ರಾತ್ರಿ ಒಂದು ಹಗಲು ಬಿಡದೆ ಹಿಮ ಬಿತ್ತು. ಮೂರನೇ ಬೆಳಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದ್ರೆ ಹೊರಗೆ ನಿಂತಿದ್ದ ಕಾರು ಕಾಣ್ತಿಲ್ಲ, ಅದರ ಆಕಾರ ಮಾತ್ರ ಇದೆ. ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಹದಿಮೂರು ಕಿಲೋಮೀಟರ್ ಘಾಟಿ ರಸ್ತೆ. ಅದು ಮುಚ್ಚಿತ್ತು. ಅಂದ್ರೆ ಶ್ರೀನಗರದಿಂದ ಬೆಳಗ್ಗೆ ಬಂದು ಸಂಜೆ ಹೋಗೋ ಸಾವಿರಾರು ಜನ ಅವತ್ತು ಬರಲಿಲ್ಲ. ರಾತ್ರಿ ಗುಡ್ಡದ ಮೇಲೇ ಉಳಿದಿದ್ದ ನಾವು ಒಂದಷ್ಟು ಜನ ಮಾತ್ರ. ಮಾಮೂಲಿ ದಿನ ಗೊಂಡೋಲಾ ಕ್ಯೂ ಅಂದ್ರೆ ವೈಕುಂಠ ಏಕಾದಶಿಯ ದೇವಸ್ಥಾನ ಇದ್ದ ಹಾಗೆ. ಅವತ್ತು ನಡ್ಕೊಂಡು ಹೋಗಿ ನೇರ ಕ್ಯಾಬಿನ್‌ನಲ್ಲಿ ಕೂತ್ವಿ. ಗಾಳಿ, ಹಿಮಕುಸಿತದ ಅಪಾಯ ಅಂತ ಮೇಲಿನ ಹಂತ ತೆರೆದಿರಲಿಲ್ಲ. ಮೊದಲ ಹಂತ, ಕೊಂಗ್ಡೂರಿವರೆಗೆ, ಸುಮಾರು 3,100 ಮೀಟರ್ ಎತ್ತರಕ್ಕೆ. ನಮ್ಮ ಮಟ್ಟಕ್ಕೆ ಅದೇ ಜಾಸ್ತಿ.

ಪೌಡರ್ ಅಂತಾರಲ್ಲ, ಅದನ್ನ ಕನ್ನಡದಲ್ಲಿ ಹೇಗೆ ಹೇಳೋದು? ನಮ್ಮಲ್ಲಿ ಮಂಜು ಇದೆ, ಇಬ್ಬನಿ ಇದೆ, ಆಲಿಕಲ್ಲು ಇದೆ. ಇದಕ್ಕೆ ಪದ ಬೇಕಾಗಿಲ್ಲ, ಯಾಕಂದ್ರೆ ವಸ್ತುವೇ ಇರಲಿಲ್ಲ. ಚಿಕ್ಕವನಿದ್ದಾಗ ಅಮ್ಮ ರಾಗಿ ಬೀಸಿಸೋಕೆ ಮಿಲ್‌ಗೆ ಕಳಿಸ್ತಿದ್ರು. ಡಬ್ಬಿಗೆ ಬಿಸಿ ಹಿಟ್ಟು ಬಿದ್ದ ತಕ್ಷಣ ಅದರೊಳಗೆ ಕೈ ಇಟ್ಟರೆ ಮೊಣಕೈವರೆಗೂ ತಡೆಯಿಲ್ಲದೆ ಹೋಗುತ್ತೆ, ಹಿಟ್ಟು ಇದೆ ಅಂತಲೇ ಗೊತ್ತಾಗಲ್ಲ. ಅದೇ ಹಿಟ್ಟು ಮನೆಗೆ ಬರೋಷ್ಟರಲ್ಲಿ ಕೂತ್ಕೊಂಡು ಗಟ್ಟಿ ಆಗಿರುತ್ತೆ. ಒಣ ಚಳಿಯಲ್ಲಿ ಹೊಸದಾಗಿ ಬಿದ್ದ ಹಿಮ ಮಿಲ್‌ನಿಂದ ಆಗಷ್ಟೇ ಬಂದ ಹಿಟ್ಟು. ಒಂದು ಘನ ಮೀಟರ್‌ ನೀರಿನ ತೂಕ ಸಾವಿರ ಕೆಜಿ, ಇದು ಐವತ್ತರಿಂದ ನೂರು ಕೆಜಿ ಅಷ್ಟೇ. ಮಿಕ್ಕಿದ್ದೆಲ್ಲ ಗಾಳಿ. ಆ ಗಾಳಿಯ ಸಂದುಗಳು ಸದ್ದನ್ನೂ ಕುಡಿದುಬಿಡುತ್ತವೆ. ಕೊಂಗ್ಡೂರಿಯಲ್ಲಿ ಇಳಿದು ಮರಗಳ ಕಡೆ ನಾಲ್ಕು ಹೆಜ್ಜೆ ಹೋದ ಮೇಲೆ ನನಗೆ ಕೇಳಿಸಿದ್ದು ನನ್ನ ಉಸಿರು, ಜಾಕೆಟ್ ಉಜ್ಜೋ ಸದ್ದು. ಇನ್ನೇನೂ ಇಲ್ಲ.

"ಏನಲೇ ಇದು, ಹತ್ತಿ ಅಂಡಗಿ ಮ್ಯಾಲ ನಿಂತಂಗ ಆಗ್ತದ," ಅಂದ ಗೆಳೆಯ.

ತುಳಿದು ಗಟ್ಟಿ ಮಾಡಿದ ಇಳಿಜಾರಿನಲ್ಲಿ ಕಲಿತದ್ದು ಇಲ್ಲಿ ನಡೆಯಲ್ಲ. ಅಲ್ಲಿ ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗಬೇಕು. ಇಲ್ಲಿ ಹಾಗೆ ಮಾಡಿದ್ರೆ ಆ ಸ್ಕೀ ಮುಳುಗುತ್ತೆ, ನೀವು ಮುಗ್ಗರಿಸ್ತೀರ. ಎರಡೂ ಕಾಲಿಗೆ ಸಮ ಭಾರ ಕೊಟ್ಟು, ಸ್ವಲ್ಪ ವೇಗ ಬರೋಕೆ ಬಿಡಬೇಕು. ವೇಗ ಬಂದಾಗಲೇ ತೇಲೋದು. ಕೆರೆಯಲ್ಲಿ ಈಜು ಕಲಿಸೋರು "ಹೆದರಿದ್ರೆ ಮುಳುಗ್ತೀಯ" ಅಂತಿದ್ರಲ್ಲ, ಹಾಗೇ. ಮೊದಲ ನಾಲ್ಕು ತಿರುವಿನಲ್ಲಿ ಮೂರು ಸಲ ಬಿದ್ದೆ. ನೋವಾಗಲ್ಲ, ಆದ್ರೆ ಏಳೋಕೆ ಹತ್ತು ನಿಮಿಷ: ಕೈ ಊರಿದ್ರೆ ಕೈ ಭುಜದವರೆಗೂ ಒಳಗೆ. ಐದನೇದು ಬಂತು. ಆಮೇಲೆ ಆರು, ಏಳು. ಪೈನ್ ಮರಗಳ ಮಧ್ಯೆ, ಯಾರೂ ತುಳಿಯದ ಬಿಳಿಯ ಮೇಲೆ, ಮೊಣಕಾಲೆತ್ತರದ ಹಿಮ ಎದೆಗೆ ಹೊಗೆಯ ಹಾಗೆ ತಾಗಿ ಹೋಗ್ತಾ ಇರುತ್ತೆ. ನನ್ನ ಜೀವನದ ಅತಿ ಸಂತೋಷದ ದಿನಗಳಲ್ಲಿ ಅದೂ ಒಂದು ಅಂತ ಹೇಳೋಕೆ ನನಗೆ ಸಂಕೋಚ ಇಲ್ಲ.

ನಾಲ್ಕನೇ ಸಲ ಇಳಿದ ಮೇಲೆ ಚಹಾ ಕುಡಿಯೋವಾಗ ನಮ್ಮ ಗೈಡ್‌ಗೆ ಹೇಳಿದೆ: "ಎಷ್ಟು ಅದೃಷ್ಟ ನೋಡಿ, ಇಡೀ ಗುಡ್ಡ ಖಾಲಿ." ಗೈಡ್ ನಲವತ್ತೈದರ ಆಸುಪಾಸಿನ, ಕೆಳಗಿನ ಊರಿನವರು. ಫೆರನ್ ಒಳಗೆ ಕಾಂಗ್ಡಿ ಇಟ್ಕೊಂಡು ಕೂತಿದ್ದರು. ನಕ್ಕರು. "ಸರ್, ನಿಮಗೆ ಅದೃಷ್ಟ. ನಮ್ಮ ತಮ್ಮ ಸ್ಲೆಡ್ಜ್ ಎಳೀತಾನೆ. ಇವತ್ತು ಅವನಿಗೆ ಒಂದು ರೂಪಾಯಿ ಹುಟ್ಟಿಲ್ಲ," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಚಿಕ್ಕವನಿದ್ದಾಗ ಈ ಗುಡ್ಡ ವರ್ಷಗಟ್ಟಲೆ ಖಾಲಿ ಇತ್ತು," ಅಂತಲೂ ಅಂದ್ರು.

ಆ ಮಾತು ತಲೆಯಲ್ಲಿ ಕೂತ್ಕೊಂಡಿತು. ವಾಪಸ್ ಬಂದ ಮೇಲೆ ಓದೋಕೆ ಶುರು ಮಾಡಿದೆ. ಈ ಗುಡ್ಡಕ್ಕೆ ಸ್ಕೀ ಹೇಗೆ ಬಂತು, ಯಾವಾಗ ತುಂಬಿತ್ತು, ಯಾವಾಗ ಖಾಲಿಯಾಯ್ತು, ಯಾಕೆ? ಓದ್ತಾ ಹೋದ್ರೆ ನಮ್ಮ ಕಡೆಯ ಜನ ಒಬ್ಬೊಬ್ಬರಾಗಿ ಎದುರಾಗ್ತಾ ಹೋದ್ರು. ಅದನ್ನೇ ಇವತ್ತು ಹೇಳೋದು.

ಬೇರು ನಾರ್ವೆಯದು, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಸ್ಕೀ ಅನ್ನೋ ಪದಕ್ಕೆ ಹಳೆಯ ನಾರ್ವೆ ಭಾಷೆಯಲ್ಲಿ ಸೀಳಿದ ಮರದ ತುಂಡು ಅಂತ ಅರ್ಥ. ಹಿಮದ ದೇಶದಲ್ಲಿ ಅದು ಆಟ ಅಲ್ಲ, ಚಪ್ಪಲಿ. ಅಲ್ಲಿಯ ಸೈನ್ಯ 1767ರಲ್ಲೇ ಬಹುಮಾನ ಇಟ್ಟು ಸೈನಿಕರಿಗೆ ಸ್ಕೀ ಸ್ಪರ್ಧೆ ನಡೆಸಿತ್ತು. ಇದನ್ನ ನೆನಪಿಟ್ಕೊಳ್ಳಿ, ಸ್ಕೀಗೂ ಸೈನ್ಯಕ್ಕೂ ನಂಟು ಹಳೆಯದು. ಟೆಲಿಮಾರ್ಕ್ ಪ್ರಾಂತ್ಯದ ಸೋಂಡ್ರೆ ನೋರ್‌ಹೈಮ್ ಅನ್ನೋ ಬಡ ಗೇಣಿದಾರ ಹಿಮ್ಮಡಿಗೂ ಪಟ್ಟಿ ಬಿಗಿದು, ಸ್ಕೀಯನ್ನ ಬೇಕಾದ ಹಾಗೆ ತಿರುಗಿಸೋದು ತೋರಿಸಿದ. 1868ರಲ್ಲಿ ರಾಜಧಾನಿಗೆ ಹೋಗಿ ನಗರದವರ ಬಾಯಿ ಮುಚ್ಚಿಸಿದ. ಆಮೇಲೆ ಹೊಟ್ಟೆಪಾಡಿಗೆ 1884ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ಸೇರಿದ್ದು ಎಲ್ಲಿಗೆ? ನಾರ್ತ್ ಡಕೋಟಾಗೆ, ಹೊಲದ ಬದುವೇ ಎತ್ತರ ಅನ್ನಿಸೋ ಬಯಲು ಸೀಮೆಗೆ. 1897ರಲ್ಲಿ ಅಲ್ಲೇ ತೀರಿಕೊಂಡ. ಪ್ಯಾಕೇಜ್ ನೋಡಿ ಊರು ಬಿಟ್ಟ ನಮ್ಮಂಥವರಿಗೆ ಈ ಕಥೆ ಸ್ವಲ್ಪ ಚುಚ್ಚುತ್ತೆ.

ನಾರ್ವೆಯವರ ನಡಿಗೆಯನ್ನ ಆಲ್ಪ್ಸ್‌ನಲ್ಲಿ ಇಳಿಜಾರಿನ ಆಟ ಮಾಡಿದವರಲ್ಲಿ ಬ್ರಿಟಿಷರ ಪಾಲು ದೊಡ್ಡದು. ಚೆನ್ನೈನಲ್ಲಿರೋ ಕನ್ನಡಿಗರು ಇಲ್ಲಿ ಕಿವಿ ಕೊಡಿ. ಈಗ ಒಲಿಂಪಿಕ್ಸ್‌ನಲ್ಲಿ ಕಂಬಗಳ ಮಧ್ಯೆ ಹಾವಿನ ಹಾಗೆ ಇಳೀತಾರಲ್ಲ, ಸ್ಲಾಲಂ, ಅದರ ಇವತ್ತಿನ ರೂಪ ಕೊಟ್ಟವರು ಆರ್ನಲ್ಡ್ ಲನ್. 1922ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡ್‌ನ ಮ್ಯೂರೆನ್‌ನಲ್ಲಿ. ಅವರು ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ! ಅಪ್ಪ ಹೆನ್ರಿ ಲನ್ ಮಿಷನರಿ ವೈದ್ಯರಾಗಿ ಬಂದಿದ್ದರು. ಇಂಗ್ಲೆಂಡಿಗೆ ವಾಪಸ್ ಹೋದ ಮೇಲೆ ಅಪ್ಪ ಚಳಿಗಾಲದ ಪ್ರವಾಸ ಏರ್ಪಡಿಸೋ ವ್ಯಾಪಾರಕ್ಕೆ ಇಳಿದರು, ಮಗ ಹಿಮಕ್ಕೆ ಇಳಿದ. ಲನ್ ಅವರ ಕಾಲದ ಇಳಿಜಾರು ಓಟದ ಕಪ್‌ನ ಹೆಸರು ಕಂದಹಾರ್. ಆಫ್ಘಾನ್ ಯುದ್ಧದ ಲಾರ್ಡ್ ರಾಬರ್ಟ್ಸ್ 1911ರಲ್ಲಿ ಕೊಟ್ಟ ಕಪ್ ಅದು. ಅವರು ಹುಟ್ಟಿದ್ದು ಕಾನ್ಪುರದಲ್ಲಿ. ಇವತ್ತಿಗೂ ಜರ್ಮನಿಯ ಗಾರ್ಮಿಶ್‌ನಲ್ಲಿ ವಿಶ್ವಕಪ್ ನಡೆಯೋ ಇಳಿಜಾರಿನ ಹೆಸರು ಕಂದಹಾರ್. ಮರಳುಗಾಡಿನ ಅಂಚಿನ ಊರೊಂದರ ಹೆಸರು ಆಲ್ಪ್ಸ್‌ನ ಹಿಮದ ಮೇಲೆ ಹೀಗೆ ಹೋಗಿ ಕೂತಿದೆ.

ಗುಲ್ಮಾರ್ಗ್‌ಗೆ ಬರೋಣ. ಮಾರ್ಗ್ ಅಂದ್ರೆ ಅಲ್ಲಿ ದಾರಿ ಅಲ್ಲ, ಗುಡ್ಡದ ಮೇಲಿನ ಹುಲ್ಲುಗಾವಲು. ಮೊದಲು ಗೌರಿಮಾರ್ಗ್ ಅಂತಿದ್ದುದನ್ನ ಹದಿನಾರನೇ ಶತಮಾನದಲ್ಲಿ ಯೂಸುಫ್ ಶಾ ಚಕ್ ಗುಲ್ಮಾರ್ಗ್, ಹೂವಿನ ಬಯಲು, ಅಂತ ಕರೆದ ಅನ್ನೋದು ಪ್ರತೀತಿ. ಬ್ರಿಟಿಷರಿಗೆ ಇದು ಬೇಸಿಗೆಯ ಊರು. ಸೆಕೆ ತಾಳದೆ ಮೇಲೆ ಬಂದು ಗಾಲ್ಫ್ ಆಡೋರು. ಚಳಿಗಾಲಕ್ಕೂ ಬೆಲೆ ಬಂದದ್ದು 1927ರಲ್ಲಿ, ಒಂದಿಬ್ಬರು ಬ್ರಿಟಿಷರು ಇಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದಾಗ. ಕ್ರಿಸ್‌ಮಸ್‌ಗೆ, ಈಸ್ಟರ್‌ಗೆ ಕೂಟ ಸೇರೋರು. ಆಗ ಲಿಫ್ಟ್ ಇರಲಿಲ್ಲ. ಸ್ಕೀಯ ತಳಕ್ಕೆ ತೊಗಲಿನ ಪಟ್ಟಿ ಕಟ್ಕೊಂಡು, ಅದರ ಕೂದಲು ಹಿಂದಕ್ಕೆ ಜಾರದ ಹಾಗೆ ತಡೆಯುತ್ತೆ, ಗಂಟೆಗಟ್ಟಲೆ ಖಿಲನ್‌ಮಾರ್ಗ್‌ನತ್ತ ಹತ್ತಬೇಕು. ಇಳಿಯೋದು ಕೆಲವೇ ನಿಮಿಷ. ಇಡೀ ದಿನಕ್ಕೆ ಒಂದೋ ಎರಡೋ ಸಲ. ಅವರ ಸಾಮಾನು ಹೊತ್ತು ಮೇಲೆ ಬರುತ್ತಿದ್ದ ಕಾಶ್ಮೀರಿಗಳಿಗೆ ಸ್ಕೀ ಆಟ ಆಗಿರಲಿಲ್ಲ, ಹೊರೆ ಆಗಿತ್ತು.

1947ರ ಅಕ್ಟೋಬರ್‌ನಲ್ಲಿ ಆ ಕಾಲ ಒಂದೇ ಏಟಿಗೆ ಮುಗೀತು. ದಾಳಿಕೋರರು ಬಾರಾಮುಲ್ಲಾ ಹಿಡಿದರು. ಗುಲ್ಮಾರ್ಗ್ ಇರೋದು ಅದೇ ಜಿಲ್ಲೆಯಲ್ಲಿ. ಇಲ್ಲಿ ನಮ್ಮವರೊಬ್ಬರು ಬರ್ತಾರೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಕೂರ್ಗ್ ಟ್ರಿಪ್ ಅಂತ ಹೋಗೋ ನಾವು ರಾಜಾಸೀಟ್ ನೋಡಿ ಅದನ್ನ ಬಿಟ್ಟು ಬರ್ತೀವಿ. 1948ರಲ್ಲಿ ಮೇಜರ್ ಜನರಲ್ ತಿಮ್ಮಯ್ಯ ಕಾಶ್ಮೀರ ಕಣಿವೆಯಲ್ಲಿದ್ದ 19ನೇ ಪದಾತಿ ಡಿವಿಜನ್‌ನ ಮುಖ್ಯಸ್ಥರು. ಲಡಾಖ್‌ಗೆ ಹೋಗೋ ದಾರಿ ಜೋಜಿ ಲಾ ಕಣಿವೆಯಲ್ಲಿ ಶತ್ರುವಿನ ಕೈಯಲ್ಲಿತ್ತು. ಎತ್ತರ 3,500 ಮೀಟರ್. ಸೆಪ್ಟೆಂಬರ್‌ನಲ್ಲಿ ಮಾಡಿದ ದಾಳಿ ವಿಫಲ ಆಯ್ತು. ಎದುರಿಗೆ ಇನ್ನೊಂದು ಗಡುವು: ನವೆಂಬರ್ ದಾಟಿದ್ರೆ ಹಿಮ ಕಣಿವೆಯನ್ನ ಮುಚ್ಚಿಬಿಡುತ್ತೆ. ಮುಚ್ಚಿದ್ರೆ ಲೇಹ್ ಹೋಯ್ತು.

ತಿಮ್ಮಯ್ಯ ಟ್ಯಾಂಕ್ ತರಿಸಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನ ಬಿಚ್ಚಿ, ಗುಟ್ಟಾಗಿ ಶ್ರೀನಗರದ ಮೇಲೆ ಸಾಗಿಸಿದರು. ಹೇಸರಗತ್ತೆಗಳು ಹೋಗೋ ಕಾಲುದಾರಿಯನ್ನ ಗಾಡಿ ಹೋಗೋ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಎಂಇಜಿ ಅಂತ ಬೋರ್ಡ್ ನೋಡಿರ್ತೀರಲ್ಲ, ಅದೇ ಪಡೆ. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿದ್ದಾಗ, ಟ್ಯಾಂಕುಗಳು ಜೋಜಿ ಲಾ ಹತ್ತಿದವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಎದುರಾಳಿ ಕನಸಿನಲ್ಲೂ ಅಂದ್ಕೊಂಡಿರಲಿಲ್ಲ. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು ಅಂತ ಹೇಳ್ತಾರೆ. ದ್ರಾಸ್, ಆಮೇಲೆ ಕಾರ್ಗಿಲ್ ಅದೇ ತಿಂಗಳಲ್ಲಿ ಕೈಗೆ ಬಂದವು.

ಗೆದ್ದದ್ದೇನೋ ಸರಿ. ಆದ್ರೆ ದಕ್ಷಿಣದಿಂದ, ಬಯಲಿನಿಂದ ಬಂದ ಹುಡುಗರಿಗೆ ಹಿಮದಲ್ಲಿ ನಡೆಯೋದು, ಮಲಗೋದು, ಬೆರಳು ಉಳಿಸಿಕೊಳ್ಳೋದು ಯಾರೂ ಕಲಿಸಿರಲಿಲ್ಲ. ಈಗ ಕದನ ರೇಖೆ ಪರ್ವತಗಳ ಮೇಲೇ ನಿಂತಿತ್ತು, ಅಂದ್ರೆ ಪ್ರತಿ ಚಳಿಗಾಲವೂ ಅಲ್ಲೇ ಕಳೀಬೇಕು. ಯುದ್ಧ ಮುಗಿಯೋ ಮುಂಚೆಯೇ, 1948ರ ಡಿಸೆಂಬರ್‌ನಲ್ಲಿ, ಗುಲ್ಮಾರ್ಗ್‌ನಲ್ಲಿ 19ನೇ ಡಿವಿಜನ್‌ನ ಸ್ಕೀ ಶಾಲೆ ಶುರುವಾಯ್ತು. ಕದನವಿರಾಮ ಬಂದದ್ದು 1949ರ ಜನವರಿ 1ಕ್ಕೆ. ಶಾಲೆ ಬೆಳೀತಾ ಹೋಯ್ತು, 1962ರ ಏಪ್ರಿಲ್‌ನಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾಯ್ತು. ಇವತ್ತು ಬೇರೆ ದೇಶಗಳ ಸೈನಿಕರೂ ಅಲ್ಲಿಗೆ ಕಲಿಯೋಕೆ ಬರ್ತಾರೆ.

ಸ್ವತಂತ್ರ ಭಾರತದಲ್ಲಿ ಸ್ಕೀ ಉಳಿದದ್ದು ಬ್ರಿಟಿಷರ ಕ್ಲಬ್‌ನಿಂದಲ್ಲ, ಕಾಫಿ ಸೀಮೆಯ ಒಬ್ಬ ಮನುಷ್ಯನ ಡಿವಿಜನ್ ಕಟ್ಟಿದ ಶಾಲೆಯಿಂದ. ಆರಾಮಾಗಿ ಜಾರೋಕೆ ಅಂತ ನಾನು ಹೋದ ಗುಡ್ಡದಲ್ಲಿ ಸ್ಕೀ ಕಲಿಸಿದ್ದು ಬದುಕಿ ವಾಪಸ್ ಬರಲಿ ಅಂತ. ನಾಗರಿಕರಿಗೆ ಕಲಿಸೋ ಸರ್ಕಾರಿ ಸಂಸ್ಥೆ ಬಂದದ್ದು ಇನ್ನೂ ಇಪ್ಪತ್ತು ವರ್ಷ ಆದ ಮೇಲೆ, 1960ರ ದಶಕದ ಕೊನೆಗೆ.

ಒಂದು ಚಿಕ್ಕ ಅಡ್ಡದಾರಿ, ಕ್ಷಮಿಸಿ. ಕಾಶ್ಮೀರಕ್ಕೂ ನಮಗೂ ಸಂಬಂಧ ತಿಮ್ಮಯ್ಯನವರಿಂದ ಶುರುವಾದದ್ದಲ್ಲ. ಹನ್ನೊಂದನೇ ಶತಮಾನದಲ್ಲಿ ಬಿಲ್ಹಣ ಅನ್ನೋ ಕಾಶ್ಮೀರಿ ಕವಿ ಊರು ಬಿಟ್ಟು ಅಲ್ಲಿ ಇಲ್ಲಿ ಅಲೆದು ಕೊನೆಗೆ ಕಲ್ಯಾಣದಲ್ಲಿ, ನಮ್ಮ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ರಾಜನ ಮೇಲೆ ವಿಕ್ರಮಾಂಕದೇವಚರಿತ ಬರೆದ. ಅದರ ಕೊನೆಯ ಸರ್ಗದಲ್ಲಿ ರಾಜನನ್ನ ಬಿಟ್ಟು ತನ್ನ ಕಾಶ್ಮೀರವನ್ನೇ ವರ್ಣಿಸಿದ್ದಾನೆ. ಆಫೀಸಿನ ಡಾಕ್ಯುಮೆಂಟ್‌ನ ಕೊನೆ ಪುಟದಲ್ಲಿ ಊರಿನ ಸುದ್ದಿ ಬರೆದ ಹಾಗೆ. ಅದೇ ಕಾಲದ ಕಾಶ್ಮೀರದ ರಾಜ ಹರ್ಷ ಕರ್ಣಾಟದ ಮಾದರಿಯಲ್ಲಿ ನಾಣ್ಯ ಹೊರಡಿಸಿದ ಅಂತ ಕಲ್ಹಣ ರಾಜತರಂಗಿಣಿಯಲ್ಲಿ ಹೇಳ್ತಾನೆ. ಸರಿ, ಗುಡ್ಡಕ್ಕೆ ವಾಪಸ್.

ಎಂಜಿನಿಯರ್‌ಗಳಿಗೆ ಈ ಭಾಗ ಇಷ್ಟ ಆಗುತ್ತೆ. ಹತ್ತೋ ಕಷ್ಟ ತಪ್ಪಿಸೋ ಕಥೆ. 1908ರಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ರಾಬರ್ಟ್ ವಿಂಟರ್‌ಹಾಲ್ಡರ್ ಅನ್ನೋ ವಸತಿಗೃಹದ ಮಾಲೀಕ ತನ್ನ ಅತಿಥಿಗಳನ್ನ ಮೇಲೆ ಎಳೆಯೋಕೆ ಹಗ್ಗದ ಲಿಫ್ಟ್ ಮಾಡಿದ, ನೀರಿನ ಗಿರಣಿಯ ಶಕ್ತಿಯಿಂದ. 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ರೈಲ್ವೆ ಕಂಪನಿಯ ಎಂಜಿನಿಯರ್ ಜೇಮ್ಸ್ ಕರನ್ ಮೊದಲ ಚೇರ್‌ಲಿಫ್ಟ್ ಮಾಡಿದ. ಅವನಿಗೆ ಹೊಳಹು ಬಂದದ್ದು ಎಲ್ಲಿಂದ ಗೊತ್ತಾ? ಬಿಸಿಲ ನಾಡಿನ ಬಂದರುಗಳಲ್ಲಿ ಬಾಳೆಗೊನೆಗಳನ್ನ ಕೊಕ್ಕೆಗೆ ಸಿಕ್ಕಿಸಿ ಹಡಗಿಗೆ ಏರಿಸೋ ಯಂತ್ರದಿಂದ. ಕೊಕ್ಕೆ ತೆಗೆದು ಕುರ್ಚಿ ಹಾಕಿದ, ಅಷ್ಟೇ. ರೀಯೂಸ್ ಅಂದ್ರೆ ಇದು. ಅದೇ ವರ್ಷ ಫ್ರಾನ್ಸ್‌ನಲ್ಲಿ ಜಾನ್ ಪೊಮಗಾಲ್ಸ್ಕಿ ಇನ್ನೊಂದು ಬಗೆಯ ಲಿಫ್ಟ್ ನಿಲ್ಲಿಸಿದ, ಅವನ ಹೆಸರಿನ ಕಂಪನಿಯೇ ಅರ್ಧ ಶತಮಾನದ ನಂತರ ಗುಲ್ಮಾರ್ಗ್ ಗೊಂಡೋಲಾದ ಕೆಲಸ ಹಿಡಿದದ್ದು.

ಇಲ್ಲಿಂದ ನಮ್ಮ ಗೈಡ್ ಹೇಳಿದ ಮಾತಿಗೆ ಬರ್ತೀವಿ. ಗೊಂಡೋಲಾ ಕೆಲಸ 1980ರ ದಶಕದ ಕೊನೆಯಲ್ಲಿ ಶುರುವಾಯ್ತು. ಆ ಹೊತ್ತಿಗೆ ಗುಲ್ಮಾರ್ಗ್ ಏಳ್ತಾ ಇತ್ತು. ಸ್ವಿಟ್ಜರ್ಲೆಂಡಿನ ಸಿಲ್ವಾಂ ಸೋದಾನ್, ಯಾರೂ ಇಳಿಯದ ಕಡಿದಾದ ಬೆಟ್ಟಗಳನ್ನ ಇಳಿದು ಹೆಸರಾದವರು, ಅಲ್ಲಿ ಹೆಲಿಕಾಪ್ಟರ್‌ನಿಂದ ಸ್ಕೀ ಮಾಡಿಸೋದನ್ನೂ ಆರಂಭಿಸಿದ್ದರು. ಟಂಗ್‌ಮಾರ್ಗ್ ಕಡೆಯ ಹುಡುಗರು ಸ್ಕೀ ಕಲಿತು ಎತ್ತರಕ್ಕೆ ಹೋಗ್ತಿದ್ದರು. ಗುಲ್ ಮುಸ್ತಫಾ ದೇವ್ 1988ರಲ್ಲಿ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಇಳಿದರು. ಅಷ್ಟರಲ್ಲಿ ಬಂದೂಕಿನ ಕಾಲ ಶುರುವಾಯ್ತು. 1990ರಲ್ಲಿ ಗೊಂಡೋಲಾ ಕೆಲಸ ನಿಂತಿತು. ಹೋಟೆಲ್ ಬಾಗಿಲು ಹಾಕಿದವು. ಕಣಿವೆಯಿಂದ ಪಂಡಿತರ ಕುಟುಂಬಗಳು ಮನೆ ಬಿಟ್ಟು ಹೋದವು. ಅವರಲ್ಲಿ ಎಷ್ಟೋ ಜನರ ಮಕ್ಕಳು ಆಮೇಲೆ ಪುಣೆ, ಬೆಂಗಳೂರಿನ ಕಾಲೇಜುಗಳಲ್ಲಿ ಓದಿದರು. ಎಂಟೆಕ್‌ನಲ್ಲಿ ನನ್ನ ಪಕ್ಕದ ರೂಮಿನಲ್ಲೂ ಒಬ್ಬನಿದ್ದ. ಹಿಮ ಬಿದ್ದ ಫೋಟೋ ಯಾರಾದ್ರೂ ತೋರಿಸಿದ್ರೆ ಅವನು ಎದ್ದು ಹೋಗ್ತಿದ್ದ. ಆಗ ನನಗೆ ಅರ್ಥ ಆಗಿರಲಿಲ್ಲ.

ಮೊದಲ ಹಂತದ ಗೊಂಡೋಲಾ ಓಡಿದ್ದು 1998ರಲ್ಲಿ. ಎರಡನೇ ಹಂತ, ಅಫರ್ವಾತ್‌ನ ಹೆಗಲವರೆಗೆ, ಸುಮಾರು 3,950 ಮೀಟರ್, 2005ರಲ್ಲಿ. ಅಲ್ಲಿಂದ ಮುಂದೆ ಕೆಲವೇ ಕಿಲೋಮೀಟರ್‌ಗೆ ನಿಯಂತ್ರಣ ರೇಖೆ. ಎರಡನೇ ಹಂತ ಬಂದ ಮೇಲೆ ವಿದೇಶಿ ಸ್ಕೀಯರ್‌ಗಳಿಗೆ ಗುಲ್ಮಾರ್ಗ್ ಗುಟ್ಟಿನ ನಿಧಿ ಆಯ್ತು: ಆಲ್ಪ್ಸ್‌ನಲ್ಲಿ ಬೆಳಗ್ಗೆ ಹತ್ತಕ್ಕೆಲ್ಲ ಪೌಡರ್ ತುಳಿದು ಮುಗಿದಿರುತ್ತೆ, ಇಲ್ಲಿ ಮೂರು ದಿನವಾದ್ರೂ ಗೆರೆ ಬೀಳದ ಇಳಿಜಾರು. ಯಾಕೆ ಗೆರೆ ಬಿದ್ದಿರಲಿಲ್ಲ ಅಂದ್ರೆ, ಬೀಳಿಸೋ ಜನ ಹದಿನೈದು ವರ್ಷ ಬಂದೇ ಇರಲಿಲ್ಲ. ಬರಬಾರದು ಅಂತ ಅವರ ದೇಶಗಳೇ ಎಚ್ಚರಿಕೆ ಕೊಟ್ಟಿದ್ದವು. ಪ್ರವಾಸದ ಬರಹಗಳಲ್ಲಿ 'ಜನರಿಲ್ಲದ ಸ್ವರ್ಗ' ಅನ್ನೋ ಥರದ ಮಾತು ಕಂಡಾಗ ನನಗೆ ಈಗ ಸ್ವಲ್ಪ ಕಸಿವಿಸಿ ಆಗುತ್ತೆ. ನಾನೂ ಚಹಾ ಕುಡೀತಾ ಅದನ್ನೇ ಹೇಳಿದ್ದೆನಲ್ಲ.

ಹಿಮ ಬರೋ ದಾರಿಯನ್ನೂ ಹೇಳ್ಬೇಕು. ನಮ್ಮ ಮಳೆ ಅರಬ್ಬಿ ಸಮುದ್ರದಿಂದ ಜೂನ್‌ನಲ್ಲಿ. ಕಾಶ್ಮೀರದ ಹಿಮ ಮೆಡಿಟರೇನಿಯನ್ ಕಡೆಯಿಂದ, ಇರಾನ್, ಆಫ್ಘಾನಿಸ್ತಾನ ದಾಟಿ ಬರೋ ಪಶ್ಚಿಮದ ವಾಯುಕ್ಷೋಭೆಗಳಿಂದ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಕಡುಚಳಿ. ಆ ನಲವತ್ತು ದಿನದಲ್ಲಿ ಬಿದ್ದದ್ದೇ ನಿಲ್ಲೋ ಹಿಮ, ಬೇಸಿಗೆಯ ನೀರೂ ಅದೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಬೋಳಾಗಿತ್ತು. ಕಂದು ಹುಲ್ಲಿನ ಮೇಲೆ ಸ್ಲೆಡ್ಜ್ ಇಟ್ಕೊಂಡು ಕೂತವರ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ತಿಂಗಳ ಕೊನೆಗೆ ಹಿಮ ಶುರುವಾಯ್ತು, ಫೆಬ್ರವರಿಯಲ್ಲಿ ಒಮ್ಮೆಗೇ ಸುರಿಯಿತು. ಫೆಬ್ರವರಿ 22ಕ್ಕೆ ಅಫರ್ವಾತ್‌ನಲ್ಲಿ ಹಿಮಕುಸಿತ, ರಷ್ಯಾದ ಒಬ್ಬ ಸ್ಕೀಯರ್ ಸತ್ತರು. ಹಿಂದಿನ ವರ್ಷ ಪೋಲೆಂಡಿನ ಇಬ್ಬರು ಅದೇ ಬೆಟ್ಟದಲ್ಲಿ.

ಹಿಮಕುಸಿತ ಹೇಗಾಗುತ್ತೆ ಅಂತ ಗೈಡ್ ನಮಗೆ ಅಂಗೈ ಮೇಲೆ ಅಂಗೈ ಇಟ್ಟು ತೋರಿಸಿದ್ದರು. ಹಿಮ ಒಂದೇ ರಾಶಿ ಅಲ್ಲ, ಪದರ ಪದರ. ಕೆಳಗೆಲ್ಲೋ ಒಂದು ಪದರ ಸಕ್ಕರೆಯ ಹಾಗೆ ಬಿಡಿಬಿಡಿ ಆಗಿದ್ದು, ಮೇಲೆ ಹೊಸ ಭಾರ ಕೂತರೆ, ಒಬ್ಬ ಮನುಷ್ಯನ ತೂಕ ಸಾಕು. ಮೇಲಿನದು ಹಲಗೆಯ ಹಾಗೆ ಒಡೆದು ಜಾರುತ್ತೆ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರೇ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸ್ಕೀ ಮಾಡೋಕೆ ಚಂದ ಇರೋದೂ ಅದೇ ಇಳಿಜಾರು. ಎಷ್ಟು ಮೃದು ಅನ್ನಿಸಿದ ಹಿಟ್ಟು ಜಾರಿ ನಿಂತ ಕ್ಷಣಕ್ಕೆ ಸಿಮೆಂಟ್ ಹಾಗೆ ಗಟ್ಟಿಯಾಗುತ್ತೆ, ಒಳಗಿದ್ದವನಿಗೆ ಬೆರಳು ಆಡಿಸೋಕೂ ಆಗಲ್ಲ. ತಿಮ್ಮಯ್ಯನವರ ಕಾಲದ ಶಾಲೆಗೂ ಇದರಿಂದ ವಿನಾಯಿತಿ ಇಲ್ಲ: 2010ರ ಫೆಬ್ರವರಿ 8ರಂದು ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮದಡಿ ಸತ್ತರು. ಕಲಿಯೋಕೆ ಬಂದವರು.

ಗೈಡ್ ಇದನ್ನ ಹೇಳ್ತಿದ್ದಾಗ ನನ್ನ ಗೆಳೆಯ ಚಹಾದ ಲೋಟ ಕೆಳಗಿಟ್ಟ. "ಹನುಮಂತಪ್ಪ ಕೊಪ್ಪದ ಅಂತ ಇದ್ರು, ನಮ್ಮ ಕಡೆಯವ್ರು," ಅಂತ ಹಿಂದಿಯಲ್ಲಿ ಹೇಳೋಕೆ ಶುರು ಮಾಡಿದ. ನಿಮಗೆಲ್ಲ ನೆನಪಿರುತ್ತೆ. 2016ರ ಫೆಬ್ರವರಿ 3, ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಮದ್ರಾಸ್ ರೆಜಿಮೆಂಟ್‌ನ ಹತ್ತು ಜನ ಹಿಮಕುಸಿತದಲ್ಲಿ ಸಿಕ್ಕರು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಆರು ದಿನದ ಮೇಲೆ, ಇಪ್ಪತ್ತೈದು ಅಡಿ ಹಿಮದಡಿಯಿಂದ ಜೀವಂತವಾಗಿ ಸಿಕ್ಕರು. ಕರ್ನಾಟಕ ಇಡೀ ದೇವರಿಗೆ ಕೈ ಮುಗಿದು ಕೂತಿತ್ತು. ಫೆಬ್ರವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನನ್ನ ಗೆಳೆಯ ಹುಬ್ಬಳ್ಳಿಯಲ್ಲೇ ಇದ್ದನಂತೆ, ಅಂತಿಮ ದರ್ಶನದ ಸಾಲಿನಲ್ಲಿ ನಿಂತಿದ್ದನಂತೆ. "ನಮ್ಮೂರಾಗ ಫೆಬ್ರವರಿ ಅಂದ್ರ ಬಿಸಲು ಸುರು ಆಗಿರ್ತದ. ಬಿಸಲಾಗ ನಿಂತು ಹಿಮದಾಗ ಸತ್ತವರನ್ನ ನೋಡಿದ್ದೆ," ಅಂದ ನನಗೆ, ಕನ್ನಡದಲ್ಲಿ. ಗೈಡ್‌ಗೆ ಪದ ಅರ್ಥ ಆಗಲಿಲ್ಲ, ಆದ್ರೆ ಕೇಳಲಿಲ್ಲ. ಇನ್ನೊಂದು ಲೋಟ ಚಹಾ ತರಿಸಿದರು.

ಆಮೇಲೆ ನಾವು ಮತ್ತೆ ಮೇಲೆ ಹೋದ್ವಿ. ಹೋಗಬಾರದು ಅನ್ನಿಸಲಿಲ್ಲ, ಅದನ್ನ ಮುಚ್ಚಿಡೋದಿಲ್ಲ. ಗೈಡ್ ಮುಂದೆ, ನಾವು ಅವರ ಗೆರೆ ಬಿಟ್ಟು ಆಚೀಚೆ ಹೋಗದೆ, ಇಬ್ಬರ ಮಧ್ಯೆ ಅಂತರ ಇಟ್ಕೊಂಡು. ಒಮ್ಮೆ ಮೋಡ ಸರಿದು ದೂರದಲ್ಲಿ ನಂಗಾ ಪರ್ಬತ್ ಕಾಣಿಸಿತು, ನಿಯಂತ್ರಣ ರೇಖೆಯ ಆಚೆ, 8,126 ಮೀಟರ್. ಗೈಡ್ ಅದರ ಕಡೆ ಸ್ಕೀ ಕೋಲು ತೋರಿಸಿ, ತಮ್ಮ ಊರಿನ ಪಕ್ಕದ ಹುಡುಗನ ವಿಷಯ ಹೇಳಿದರು: ಆರಿಫ್ ಖಾನ್. ಅಪ್ಪನದು ಗುಲ್ಮಾರ್ಗ್‌ನಲ್ಲೇ ಸ್ಕೀ ಸಾಮಾನಿನ ಅಂಗಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ, ಜೈಂಟ್ ಸ್ಲಾಲಂನಲ್ಲಿ 45ನೇ ಸ್ಥಾನ. "ನಲವತ್ತೈದು ಅಂದ್ರೆ ನಿಮಗೆ ಕಡಿಮೆ ಅನ್ನಿಸಬಹುದು ಸರ್, ಆ ದಿನ ಅರ್ಧ ಜನ ಕೆಳಗೇ ಮುಟ್ಟಿರಲಿಲ್ಲ," ಅಂದ್ರು. ಅವರು ಹೇಳಿದ್ದು ಸರಿ. ಹಿಮ ಸುರಿದ ಆ ದಿನ ಓಟ ಮುಗಿಸದವರ ಪಟ್ಟಿ ಉದ್ದ ಇದೆ.

ಮೂರು ಗಂಟೆ ಸುಮಾರಿಗೆ ಕೆಳಗಿನಿಂದ ಸದ್ದು ಬಂತು. ದಿನವಿಡೀ ನಾವು ಕೇಳಿರದ ಸದ್ದು, ಚಕ್ರಕ್ಕೆ ಕಟ್ಟಿದ ಸರಪಳಿ ರಸ್ತೆಗೆ ಬಡಿಯೋದು. ಹಿಮ ತೆಗೆಯೋ ಯಂತ್ರದ ಹಿಂದೆ ಹಿಂದೆ ಟಂಗ್‌ಮಾರ್ಗ್‌ನ ಸೂಮೋಗಳು ಸಾಲಾಗಿ ಬರ್ತಿದ್ದವು. ಗೈಡ್ ಕನ್ನಡಕ ಹಣೆಗೆ ಏರಿಸಿ ಎಣಿಸಿದರು, ಹನ್ನೊಂದು, ಹನ್ನೆರಡು. ನನ್ನ ಕೊನೆಯ ಇಳಿತ ಇನ್ನೂ ಬಾಕಿ ಇತ್ತು. "ನೀವು ಇದೇ ಗೆರೆಯಲ್ಲಿ ಬನ್ನಿ ಸರ್, ನಿಧಾನಕ್ಕೆ," ಅಂದು, ನಮ್ಮನ್ನ ಮರಗಳ ಸಾಲು ದಾಟಿಸಿ, ಅವರು ಮುಂದೆ ಹೋಗಿಬಿಟ್ಟರು. ನಾನು ಮೂರು ಸಲ ಬಿದ್ದು ಕೆಳಗೆ ಮುಟ್ಟೋ ಹೊತ್ತಿಗೆ ತಮ್ಮನ ಸ್ಲೆಡ್ಜ್ ಮೇಲೆ ಒಂದು ಗುಜರಾತಿ ಕುಟುಂಬದ ಅಜ್ಜಿ ಕೂತಾಗಿತ್ತು. ಅಣ್ಣ ಹಿಂದಿನಿಂದ ತಳ್ತಾ ಇದ್ದರು.